ರಾತ್ರಿ ಎರಡು ಗಂಟೆಗೆ ಓದುವ ಕಾರ್ಡು

ಗದಗಿನ ಒಂದು ಪ್ರೆಸ್. ಮಾತಾಡುತ್ತಿರುವವರು ಇಬ್ಬರು. ಒಬ್ಬರದು ಲಕ್ಷ್ಮೇಶ್ವರದಲ್ಲಿ ಬೋರ್‌ವೆಲ್ ಮೋಟಾರುಗಳ ವೈಂಡಿಂಗ್ ಅಂಗಡಿ. ಇನ್ನೊಬ್ಬರು ಪ್ರೆಸ್ಸಿನಲ್ಲಿ ಡಿಟಿಪಿ, ಡಿಸೈನ್ ಮಾಡುವವರು.

— ವಿಸಿಟಿಂಗ್ ಕಾರ್ಡಿನ ಡಿಸೈನ್ ಮೊಬೈಲ್‌ನ್ಯಾಗ ಐತ್ರಿ. ನಮ್ಮ ಅಕ್ಕನ ಮಗ ಆ್ಯಪ್‌ನ್ಯಾಗ ಮಾಡಿಕೊಟ್ಟಾನ. ಹಂಗ ಸಾವಿರ ಹಾಕಿ ಕೊಟ್ಟಬಿಡ್ರಿ.

— ಮೊದಲು ಕಂಪ್ಯೂಟರಿಗೆ ಹಾಕಿ ನಿಜವಾದ ಅಳತೆಯಲ್ಲಿ ನೋಡೋಣ. ಫೋನಿನಲ್ಲಿ ಬೆರಳಿಂದ ಹಿಗ್ಗಿಸಿ ನೋಡುವಾಗ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಕಾರ್ಡು 90 ಮಿಲಿಮೀಟರ್ ಅಗಲ, 54 ಮಿಲಿಮೀಟರ್ ಎತ್ತರ, ಅಷ್ಟೇ. ಅದನ್ನು ಹಿಗ್ಗಿಸಲು ಬರುವುದಿಲ್ಲ. ಈಗ ಸರಿಯಾದ ಅಳತೆಗೆ ತಂದೆ, ನೋಡಿ. ಮೇಲೆ ಶ್ರೀ ಸೋಮೇಶ್ವರ ಪ್ರಸನ್ನ, ಎರಡೂ ಬದಿಗೆ ದೇವರ ಚಿತ್ರ. ಅದರ ಕೆಳಗೆ ಅಂಗಡಿ ಹೆಸರು, ಕೆಂಪಿನಿಂದ ಹಳದಿಗೆ ಇಳಿಯುವ ಬಣ್ಣದಲ್ಲಿ. ಎಡಕ್ಕೆ ಮೋಟಾರಿನ ಫೋಟೊ, ಬಲಕ್ಕೆ ಪಂಪು ಕಂಪನಿಗಳ ಲೋಗೊ. ಆಮೇಲೆ ಪ್ರೊಪ್ರೈಟರ್ ಎಂದು ನಿಮ್ಮ ಹೆಸರು, ಮಾಡುವ ಕೆಲಸಗಳ ಪಟ್ಟಿ, ವಿಳಾಸ, ಇಮೇಲ್, ಜಿಎಸ್‌ಟಿ ನಂಬರ್. ಇದರಲ್ಲಿ ನಿಮ್ಮ ಫೋನ್ ನಂಬರ್ ಎಲ್ಲಿದೆ ಹುಡುಕಿ.

— ಹಾಂ... ಇಲ್ಲಿ, ಕೆಳಗ. ಇಮೇಲ್ ಬಾಜೂಕ ಐತಿ. ಸಣ್ಣದಾತಲ್ರಿ.

— ನಿಮ್ಮದೇ ನಂಬರ್ ನಿಮಗೇ ಹುಡುಕಬೇಕಾಯಿತು. ಈಗ ಹೇಳಿ, ನಿಮ್ಮ ಗಿರಾಕಿ ಈ ಕಾರ್ಡನ್ನು ಯಾವಾಗ ಹೊರಗೆ ತೆಗೆಯುತ್ತಾನೆ?

— ಕೊಟ್ಟಾಗ ನೋಡ್ತಾರ, ಕಿಸೆದಾಗ ಇಟ್ಕೊತಾರ.

— ಅದು ನೀವು ಕೊಡುವ ಹೊತ್ತು. ನೀವು ಎದುರಿಗೇ ನಿಂತಿರುತ್ತೀರಿ, ಕಾರ್ಡು ಹೇಳಬೇಕಾದದ್ದನ್ನೆಲ್ಲ ನೀವೇ ಹೇಳಿರುತ್ತೀರಿ. ನಾನು ಕೇಳುತ್ತಿರುವುದು ಆತ ಹುಡುಕಿ ತೆಗೆಯುವ ಹೊತ್ತಿನ ಮಾತು. ನೀವು ಅಲ್ಲಿಲ್ಲ, ಆತನಿಗೆ ನೀವು ಬೇಕಾಗಿದ್ದೀರಿ. ಅದು ಯಾವಾಗ?

— ಮೋಟ್ರು ಸುಟ್ಟಾಗ ಮತ್ತ! ಹೊಲಕ್ಕ ತ್ರೀ ಫೇಸ್ ಕರೆಂಟು ದಿನಕ್ಕ ಏಳು ತಾಸು ಅಂತಾರ, ಅದರಾಗ ಪಾಳಿ. ರಾತ್ರಿ ಪಾಳಿ ಬಂತಂದ್ರ ಹನ್ನೆರಡಕ್ಕ, ಎರಡಕ್ಕ ಎದ್ದು ಹೋಗಬೇಕು. ಒಂದು ಫೇಸ್ ಹೋಗಿರತೈತಿ, ರೈತಗ ಗೊತ್ತಾಗಂಗಿಲ್ಲ. ಎರಡು ಫೇಸಿನ ಮ್ಯಾಲ ಮೋಟ್ರು ಗುಂಯ್ ಅಂತೈತಿ, ನೀರು ಏರಂಗಿಲ್ಲ. ಹಂಗ ಬಿಟ್ರ ವೈಂಡಿಂಗ್ ಸುಟ್ಟು ಹೋಗತೈತಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಇದ್ದಾಗ ನೀರು ಎರಡು ದಿನ ತಪ್ಪಿದ್ರ ಬೆಳಿ ಹೋತಂತ ತಿಳೀರಿ. ಅವಾಗ ನನ್ನ ನಂಬರು ಹುಡುಕ್ತಾರ.

— ಕೈಯಲ್ಲಿ ಏನಿರುತ್ತದೆ?

— ಮೊಬೈಲ್. ಅದರ ಬ್ಯಾಟರಿ ಬೆಳಕು ಹಚ್ಚಿರ್ತಾರ.

— ಬೆಳಕು ಕೊಡುವುದೂ ಅದೇ ಫೋನು, ನಿಮಗೆ ಕರೆ ಮಾಡಬೇಕಾದದ್ದೂ ಅದೇ ಫೋನು. ಟಾರ್ಚನ್ನು ಕಾರ್ಡಿಗೆ ಹಿಡಿದರೆ ನಂಬರ್ ಒತ್ತಲು ಆಗುವುದಿಲ್ಲ, ಒತ್ತಲು ಫೋನು ತಿರುಗಿಸಿದರೆ ಕಾರ್ಡು ಕತ್ತಲಲ್ಲಿ. ಹಾಗಾಗಿ ಆತ ಒಂದು ಸಲ ನೋಡಿ, ನೆನಪಿನಲ್ಲಿಟ್ಟುಕೊಂಡು, ಒತ್ತುತ್ತಾನೆ. ಚಾಳೀಸು ಮನೆಯಲ್ಲಿ ಉಳಿದಿದೆ, ಕೈಗೆ ಕೆಸರು, ತಲೆಯಲ್ಲಿ ಬೆಳೆಯ ಚಿಂತೆ. ನಾವು ಕಾರ್ಡು ಮಾಡಬೇಕಾದದ್ದು ಆ ಮನುಷ್ಯನಿಗೆ, ಆ ರಾತ್ರಿಗೆ. ಅಲ್ಲಿ ಓದಲು ಬರುವ ಕಾರ್ಡು ಹಗಲಲ್ಲಿ ಅಂಗಡಿಯಲ್ಲಿ ಕೂತು ಓದುವವನಿಗೂ ಬರುತ್ತದೆ.

— ಹಂಗಾದ್ರ ನಂಬರು ದೊಡ್ಡದು ಮಾಡ್ರಿ.

— ದೊಡ್ಡದೂ ಮಾಡಬೇಕು, ಬಿಡಿಸಿಯೂ ಹಾಕಬೇಕು. ನಿಮ್ಮ ಡಿಸೈನಿನಲ್ಲಿ ಹತ್ತು ಅಂಕಿ ಒಂದೇ ಸಾಲಾಗಿ ಅಂಟಿಕೊಂಡಿವೆ. ಐದು, ಆಮೇಲೆ ಜಾಗ, ಮತ್ತೆ ಐದು. ನಮ್ಮ ಜನ ನಂಬರ್ ಬಾಯಲ್ಲಿ ಹೇಳುವುದೂ ಹಾಗೆಯೇ, ಅರ್ಧ ಹೇಳಿ ತಡೆದು ಉಳಿದರ್ಧ ಹೇಳುತ್ತಾರೆ. ನೆನಪಿನಲ್ಲಿ ಹಿಡಿಯುವುದೂ ಹಾಗೆಯೇ. ಇದಕ್ಕೆ ಕಾರ್ಡಿನ ಅಗಲದ ಮುಕ್ಕಾಲು ಭಾಗ ಕೊಡೋಣ. ಇನ್ನು, ಡಿಸೈನಿನಲ್ಲಿ ಮೂರು ನಂಬರ್ ಹಾಕಿದ್ದೀರಲ್ಲ, ಯಾಕೆ?

— ಒಂದು ನಂದು, ಒಂದು ಅಂಗಡಿದು, ಒಂದು ನಮ್ಮ ಹುಡುಗಂದು.

— ರಾತ್ರಿ ಯಾವುದು ಎತ್ತುತ್ತೀರಿ?

— ನಂದು. ಅಂಗಡಿ ಫೋನ್ ಅಂಗಡ್ಯಾಗ ಇರತೈತಿ.

— ಹಾಗಾದರೆ ರೈತ ಮೊದಲು ಅಂಗಡಿಯ ನಂಬರಿಗೆ ಮಾಡುತ್ತಾನೆ, ಯಾರೂ ಎತ್ತುವುದಿಲ್ಲ. ಎರಡನೆಯದಕ್ಕೆ ಮಾಡುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಬೇರೆಯವರ ನಂಬರಿಗೆ ಹೋಗುತ್ತಾನೆ. ನಿಮ್ಮದೊಂದೇ ದೊಡ್ಡದಾಗಿ ಇರಲಿ. ನೀವು ಎತ್ತದಿದ್ದರೆ ಎಂದು ಹುಡುಗನದ್ದು ಕೆಳಗೆ ಚಿಕ್ಕದಾಗಿ. ಅಂಗಡಿಯದು ಬೇಡವೇ ಬೇಡ. ಅಂಕಿಗಳನ್ನು 0ಯಿಂದ 9ರವರೆಗಿನ ಮಾಮೂಲಿ ಅಂಕಿಗಳಲ್ಲೇ ಇಡೋಣ, ಫೋನಿನ ಕೀಲಿಯ ಮೇಲೆ ಇರುವುದು ಅವೇ. ನೋಡಿದ್ದನ್ನು ಹಾಗೆಯೇ ಒತ್ತಬೇಕು, ಮನಸ್ಸಿನಲ್ಲಿ ತಿರುಗಿಸಿ ಒತ್ತುವ ಕೆಲಸ ಆ ಹೊತ್ತಿಗೆ ಕೊಡಬಾರದು.

— ಅಂಗಡಿ ಹೆಸರರೆ ದೊಡ್ಡದು ಬೇಕ್ರಿ. ಎಲೆಕ್ಟ್ರಿಕಲ್ಸ್ ಆ್ಯಂಡ್ ಎಂಜಿನಿಯರಿಂಗ್ ವರ್ಕ್ಸ್ ಅಂತ ಪೂರ್ತಿ ಬರಬೇಕು.

— ರೈತರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಏನೆಂದು ಸೇವ್ ಮಾಡಿಕೊಂಡಿರುತ್ತಾರೆ? ಯಾರದಾದರೂ ಫೋನು ನೋಡಿದ್ದೀರಾ?

— ನೋಡೀನಿ. ‘ಬೋರ್ ಮೋಟ್ರು’ ಅಂತ ಹಾಕಿರ್ತಾರ. ‘ಮೋಟ್ರು ಲಕ್ಷ್ಮೇಶ್ವರ’ ಅಂತನೂ ಇರತೈತಿ. ಅಂಗಡಿ ಹೆಸರು ಯಾರೂ ಹಾಕಿರಂಗಿಲ್ಲ.

— ಗಿರಾಕಿ ನಿಮ್ಮನ್ನು ಗುರುತಿಟ್ಟುಕೊಂಡಿರುವುದು ಹಾಗೆ. ಕಾರ್ಡಿನ ದೊಡ್ಡಕ್ಷರವೂ ಅದೇ ಆಗಬೇಕು: ‘ಬೋರ್‌ವೆಲ್ ಮೋಟಾರು ರಿಪೇರಿ, ಲಕ್ಷ್ಮೇಶ್ವರ’. ಅಂಗಡಿಯ ಹೆಸರು ಅದರ ಮೇಲೆ ಒಂದು ಸಾಲಿನಲ್ಲಿ ಇರಲಿ, ಬಿಲ್ಲಿನಲ್ಲಿ, ಬೋರ್ಡಿನಲ್ಲಿ ಪೂರ್ತಿ ಇರಲಿ. ಚಿಕ್ಕ ಅಂಗಡಿಯ ಕಾರ್ಡಿನಲ್ಲಿ ನಾನು ಕಾಣುವ ದೊಡ್ಡ ಕೊರತೆ ಇದು. ಮಾಲೀಕರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರನ್ನು ಹಾಕುತ್ತಾರೆ, ಜನ ಕರೆಯುವ ಹೆಸರನ್ನು ಬಿಡುತ್ತಾರೆ. ಹತ್ತು ಕಾರ್ಡುಗಳ ಕಟ್ಟಿನಲ್ಲಿ ಒಂದನ್ನು ಹುಡುಕುವಾಗ ‘ಎಂಟರ್‌ಪ್ರೈಸಸ್’, ‘ಏಜೆನ್ಸೀಸ್’, ‘ಸರ್ವಿಸಸ್’ ಎಂದರೆ ಏನೂ ತಿಳಿಯುವುದಿಲ್ಲ.

— ದೇವರ ಹೆಸರು ತೆಗೀಬ್ಯಾಡ್ರಿ ಮತ್ತ. ಅದು ಇರಲೇಬೇಕು.

— ತೆಗೆಯುವುದಿಲ್ಲ. ಮೇಲೆ ಒಂದು ಸಾಲು ಅಚ್ಚುಕಟ್ಟಾಗಿ ಇರಲಿ. ಚಿತ್ರದ ಬಗ್ಗೆ ಮಾತ್ರ ಯೋಚಿಸಿ. ಈ ಕಾರ್ಡು ನೆಲಕ್ಕೆ ಬೀಳುತ್ತದೆ, ಎಣ್ಣೆಗೈಯಲ್ಲಿ ಹಿಡಿಯುತ್ತಾರೆ, ಎಲೆ ಅಡಿಕೆ ಚೀಲದಲ್ಲಿ ಇಡುತ್ತಾರೆ, ಯಾವತ್ತೋ ಒಂದು ದಿನ ಕಸಕ್ಕೂ ಹೋಗುತ್ತದೆ. ಅಲ್ಲಿ ದೇವರ ಚಿತ್ರ ಇರುವುದು ನಿಮ್ಮ ಮನಸ್ಸಿಗೆ ಸರಿ ಬರುತ್ತದೆಯೇ?

— ಅದೂ ಖರೆ ಐತಿ. ಫೋಟೋ ಅಂಗಡ್ಯಾಗ ಐತಿ, ಸಾಕು. ಕಂಪನಿ ಲೋಗೊ?

— ಆ ಕಂಪನಿಗಳ ಡೀಲರ್‌ಶಿಪ್ ಇದೆಯೇ?

— ಇಲ್ರಿ. ಎಲ್ಲಾ ಕಂಪನಿ ಮೋಟ್ರು ರಿಪೇರಿ ಮಾಡ್ತೀನಿ.

— ಆ ಮಾತನ್ನೇ ಹಾಕೋಣ: ‘ಎಲ್ಲ ಕಂಪನಿಯ ಸಬ್‌ಮರ್ಸಿಬಲ್ ಮೋಟಾರು ರಿಪೇರಿ’. ಅದು ನಿಜ. ಲೋಗೊ ಹಾಕಿದರೆ ನೀವು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಎಂದು ಓದುವವನಿಗೆ ಅನ್ನಿಸುತ್ತದೆ. ಅದು ಅವರ ಟ್ರೇಡ್‌ಮಾರ್ಕು, ತಂಟೆ ಬಂದರೆ ನಿಮ್ಮ ತಲೆಗೆ. ಮೋಟಾರಿನ ಫೋಟೊ ಕೂಡ ಅಂತರ್ಜಾಲದಿಂದ ತೆಗೆದದ್ದು ಅಂತ ಕಾಣುತ್ತದೆ. ಅದು ಬೇರೆ ಯಾರದ್ದೋ ಫೋಟೊ. ಅದೂ ಅಲ್ಲದೆ ಅಚ್ಚಿಗೆ ಒಂದು ಇಂಚಿಗೆ 300 ಚುಕ್ಕೆಯಾದರೂ ಬೇಕು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿರುತ್ತದೆ, ಕಾಗದದ ಮೇಲೆ ಮಸುಕಾಗುತ್ತದೆ.

— ಫೋಟೊ ಬಿಡ್ರಿ. ಜಿಎಸ್‌ಟಿ ನಂಬರ್ ಇದ್ರ ಪಕ್ಕಾ ಅಂಗಡಿ ಅನಿಸತೈತಿ ಅಂತ ಹಾಕಿಸಿದ್ದೆ.

— ಆ ನಂಬರಿನ 15 ಅಕ್ಷರಗಳನ್ನು ಬಿಡಿಸಿ ನೋಡಿ. ಮೊದಲ ಎರಡು 29, ಅದು ಕರ್ನಾಟಕ. ಮುಂದಿನ ಹತ್ತು ನಿಮ್ಮ ಪ್ಯಾನ್ ನಂಬರ್, ಹಾಗೆಯೇ ಇದೆ. ಅಂಗಡಿ ನಿಮ್ಮೊಬ್ಬರದೇ ಆದ್ದರಿಂದ ಅದು ನಿಮ್ಮ ಸ್ವಂತ ಪ್ಯಾನ್. ಬಿಲ್ಲಿನ ಮೇಲೆ ಹಾಕುವುದು ಕಾನೂನು, ಅಂಗಡಿಯ ಬೋರ್ಡಿನ ಮೇಲೆ ಹಾಕುವುದೂ ಕಾನೂನು. ಸಂತೆಯಲ್ಲಿ ಹಂಚುವ ಕಾರ್ಡಿನ ಮೇಲೆ ಅದಕ್ಕೆ ಏನು ಕೆಲಸ? ರಾತ್ರಿ ಎರಡಕ್ಕೆ ರೈತ ಅದನ್ನು ನೋಡುವುದಿಲ್ಲ. ಇಮೇಲ್ ಕೂಡ ಹಾಗೆಯೇ. ನಿಮಗೆ ಯಾರಾದರೂ ರೈತರು ಇಮೇಲ್ ಕಳಿಸಿದ್ದಾರೆಯೇ?

— ಯಾರೂ ಇಲ್ಲ. ಹುಬ್ಬಳ್ಳಿ, ಕೊಯಮತ್ತೂರಿನ ಸ್ಪೇರ್ ಪಾರ್ಟಿನವರು ಕೊಟೇಶನ್ ಕಳಿಸ್ತಾರ. ಅವರಿಗೆ ಇಂಗ್ಲಿಷ್ ಕಾರ್ಡ್ ಬೇಕಾಗತೈತಿ.

— ಅವರಿಗೆ ಬೇರೆ ಕಾರ್ಡು ಮಾಡೋಣ. ಇಂಗ್ಲಿಷಿನಲ್ಲಿ ಹೆಸರು, ಇಮೇಲ್, ಪೂರ್ತಿ ವಿಳಾಸ, ಅವರೊಡನೆ ವ್ಯವಹಾರ ಇರುವುದರಿಂದ ಬೇಕಾದರೆ ಜಿಎಸ್‌ಟಿ ನಂಬರೂ ಹಾಕಿ, ಡಿಜಿಟಲ್‌ನಲ್ಲಿ ನೂರು ತೆಗೆದರೆ ವರ್ಷಗಟ್ಟಲೆ ಸಾಕು. ಆಫ್‌ಸೆಟ್ಟಿಗೆ ಪ್ಲೇಟ್ ಮಾಡಬೇಕು, ಆ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಡಿಜಿಟಲ್‌ಗೆ ಪ್ಲೇಟ್ ಇಲ್ಲ, ನೂರೇ ತೆಗೆದರೂ ನಷ್ಟವಿಲ್ಲ. ರೈತನ ಕಾರ್ಡು ಮಾತ್ರ ಪೂರ್ತಿ ಕನ್ನಡದಲ್ಲಿ ಇರಲಿ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದರು. ಅದು ಬೋರ್ಡಿನ ಮಾತು, ಕಾರ್ಡಿಗೆ ಯಾರೂ ಹೇಳುವುದಿಲ್ಲ. ಆದರೆ ನಿಮ್ಮ ಊರು ಯಾವುದು? ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಎಂದು ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು, ಅದೇ ಇವತ್ತಿನ ಲಕ್ಷ್ಮೇಶ್ವರ. ಆ ಊರಿನ ಅಂಗಡಿಯ ಕಾರ್ಡಿನಲ್ಲಿ ಕನ್ನಡ ಕೆಟ್ಟದಾಗಿ ಅಚ್ಚಾಗಿ ನನ್ನ ಕೈಯಿಂದ ಹೋಗಬಾರದು.

— ಕೆಟ್ಟದಾಗಿ ಅಂದ್ರ?

— ನಿಮ್ಮ ಊರಿನ ಹೆಸರನ್ನೇ ನೋಡಿ, ಈ ಡಿಸೈನಿನಲ್ಲಿ 6 ಪಾಯಿಂಟ್ ಗಾತ್ರದಲ್ಲಿದೆ. ಲ, ಆಮೇಲೆ ಕ್ಷ್ಮೇ. ಕಕಾರ, ಅದಕ್ಕೆ ಷಕಾರ, ಅದರ ಕೆಳಗೆ ಮಕಾರದ ಒತ್ತು, ಮೇಲೆ ಏತ್ವ, ಪಕ್ಕಕ್ಕೆ ದೀರ್ಘ. ಒಂದೇ ಅಕ್ಷರದಲ್ಲಿ ಇಷ್ಟು ಕಟ್ಟು. ಅದರ ಪಕ್ಕದಲ್ಲೇ ಶಕಾರಕ್ಕೆ ವಕಾರದ ಒತ್ತು. ಇಂಗ್ಲಿಷ್ ಅಕ್ಷರ 6 ಪಾಯಿಂಟಿನಲ್ಲಿ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಆ ಗಾತ್ರಕ್ಕೆ ಒತ್ತುಗಳ ಒಳಗಿನ ಖಾಲಿ ಜಾಗ ಶಾಯಿ ತುಂಬಿ ಮುಚ್ಚಿಹೋಗುತ್ತದೆ, ಕಪ್ಪು ಮಚ್ಚೆಯಂತೆ ಕಾಣುತ್ತದೆ. ಒತ್ತು ಕೆಳಗಿನ ಸಾಲಿಗೂ ಇಳಿಯುತ್ತದೆ. ಇಲ್ಲಿ ಮಕಾರದ ಒತ್ತು ಕೆಳಗಿನ ‘ಜಿ’ ಅಕ್ಷರದ ಗುಡಿಸಿಗೆ ತಗುಲಿದೆ, ಕಾಣುತ್ತದೆಯೇ? ಇಂಗ್ಲಿಷಿಗೆ ಹಾಕುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಹಾಕಿದರೆ ಹೀಗಾಗುತ್ತದೆ. ಕನ್ನಡಕ್ಕೆ ಕಡಿಮೆ ಎಂದರೆ 9 ಪಾಯಿಂಟು, ಸಾಲಿನ ನಡುವೆ ಧಾರಾಳ ಜಾಗ. ಅದಕ್ಕೆ ನಾನು ಮೊದಲು ವಿಷಯ ಕಡಿಮೆ ಮಾಡಿಸುತ್ತೇನೆ. ಸಾಲು ಕಡಿಮೆಯಾದರೆ ಅಕ್ಷರ ತಾನಾಗಿ ದೊಡ್ಡದಾಗುತ್ತದೆ.

— ದಪ್ಪ ಅಕ್ಷರ ಹಾಕಿದ್ರ ಎದ್ದು ಕಾಣಂಗಿಲ್ಲೇನ್ರಿ?

— ಮೇಲಿನ ದೊಡ್ಡ ಸಾಲಿಗೆ ದಪ್ಪಕ್ಷರ ಚೆನ್ನ, ಬಾಲೂ ತಮ್ಮ ಫಾಂಟಿನಂಥದ್ದು. ಸಣ್ಣ ಸಾಲುಗಳಿಗೆ ದಪ್ಪ ಹಾಕಿದರೆ ಆ ಒಳಜಾಗ ಇನ್ನೂ ಬೇಗ ಮುಚ್ಚುತ್ತದೆ, ಅಲ್ಲಿ ನೋಟೊ ಸಾನ್ಸ್ ಕನ್ನಡದಂಥ ತೆಳು ಗೆರೆಯ ಫಾಂಟು ಬೇಕು. ಎರಡೂ ಉಚಿತ ಫಾಂಟುಗಳೇ. ನಿಮ್ಮ ಅಕ್ಕನ ಮಗನಿಗೆ ಇನ್ನೊಂದು ಮಾತು ಹೇಳಿ. ಕೆಲವು ಪ್ರೆಸ್ಸುಗಳಲ್ಲಿ ಈಗಲೂ ಹಳೆಯ ಕೋರೆಲ್ ಡ್ರಾ ಇದೆ, ಅದರಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಬೇರೆ ಬೇರೆಯಾಗಿ ನಿಲ್ಲುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತದೆ. ಅದಕ್ಕೆ ಕೊನೆಯಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ ಪಿಡಿಎಫ್ ಕೊಡಬೇಕು. ಆಗ ಅಕ್ಷರ ಚಿತ್ರವಾಗಿಬಿಡುತ್ತದೆ, ಯಾವ ಕಂಪ್ಯೂಟರಿನಲ್ಲೂ ಬದಲಾಗುವುದಿಲ್ಲ. ಆದರೆ ಕರ್ವ್ ಮಾಡಿದ ಮೇಲೆ ತಿದ್ದಲು ಬರುವುದಿಲ್ಲ, ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಬೇಕು.

— ಬಣ್ಣ ಯಾವುದು ಹಾಕೋಣ? ಕೆಂಪು, ಹಳದಿ ನನಗ ಸೇರತೈತ್ರಿ.

— ಹೆಡ್ಡಿಂಗಿಗೆ ಒಂದು ಬಣ್ಣ ಆರಿಸಿಕೊಳ್ಳಿ, ಕೆಂಪೇ ಆಗಲಿ. ಹಿನ್ನೆಲೆ ಬಿಳಿ. ನಂಬರ್ ಮತ್ತು ಸಣ್ಣ ಅಕ್ಷರಗಳು ಅಪ್ಪಟ ಕಪ್ಪು, ಕಪ್ಪು ಶಾಯಿ ಒಂದರಲ್ಲೇ. ಕಾರಣ ಇದೆ. ಅಚ್ಚಿನಲ್ಲಿ ಬಣ್ಣ ಬರುವುದು ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು ಒಂದರ ಮೇಲೊಂದು ಕೂತು. ಕಾಗದ ಒಂದು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚು ಎರಡೆರಡಾಗಿ ಕಾಣುತ್ತದೆ. ಒಂದೇ ಶಾಯಿಯ ಕಪ್ಪಿಗೆ ಆ ಭಯವಿಲ್ಲ. ಕಡು ಬಣ್ಣದ ಮೇಲೆ ಬಿಳಿ ಅಕ್ಷರವೂ ಬೇಡ, ಶಾಯಿ ಹರಡಿ ಒತ್ತುಗಳನ್ನು ನುಂಗುತ್ತದೆ. ಫೋನಿನಲ್ಲಿ ಹೊಳೆಯುವ ಬಣ್ಣ ಬೆಳಕಿನದು, ಕಾಗದದ ಮೇಲೆ ಅದು ಮಂಕಾಗಿಯೇ ಬರುತ್ತದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರ ಬೇಡ.

— ಕಾಗದ? ಎಣ್ಣಿ ಕೈ ಹತ್ತಿದ್ರ ಹಾಳಾಗಬಾರದು.

— 350 ಜಿಎಸ್‌ಎಂ ಬೋರ್ಡು, ಮುಂದಿನ ಮುಖಕ್ಕೆ ಮ್ಯಾಟ್ ಲ್ಯಾಮಿನೇಶನ್. ಹೊಳಪಿನ ಲ್ಯಾಮಿನೇಶನ್ ಮೇಲೆ ಮೊಬೈಲ್ ಟಾರ್ಚು ಬಿಟ್ಟರೆ ಬೆಳಕು ಕಣ್ಣಿಗೆ ಹೊಡೆದು ಅಕ್ಷರ ಕಾಣುವುದಿಲ್ಲ. ನನ್ನ ಟೇಬಲ್ ಮೇಲೆ ಎರಡೂ ಇವೆ, ನಿಮ್ಮ ಫೋನಿನ ಟಾರ್ಚು ಹಾಕಿ ನೋಡಿ.

— ಹೌದ್ರಿ, ಇದು ಮಿಂಚತೈತಿ, ನಂಬರ್ ಅರ್ಧ ಕಾಣವಲ್ದು. ಇದು ಚೊಲೊ ಐತಿ. ಹಿಂದ ಏನು ಹಾಕ್ತೀರಿ? ಕೆಲಸದ ಪಟ್ಟಿ ಹಿಂದ ಹಾಕೋಣ?

— ಅದಕ್ಕೆ ಮೊದಲು ನೀವು ಒಂದು ಹೇಳಿ. ಸುಟ್ಟ ಮೋಟಾರು ಎಂದು ಫೋನ್ ಬಂದಾಗ ನೀವು ರೈತನಿಗೆ ಕೇಳುವುದು ಏನು?

— ಎಷ್ಟು ಎಚ್‌ಪಿ, ಎಷ್ಟು ಸ್ಟೇಜಿನ ಪಂಪು, ಬೋರು ಎಷ್ಟು ಅಡಿ, ಮೋಟ್ರು ಎಷ್ಟು ಪೈಪಿನ ಮ್ಯಾಲ ಕುಂತೈತಿ, ಪೈಪು ಒಂದೂವರೆ ಇಂಚಿಂದೋ ಎರಡು ಇಂಚಿಂದೋ. ಅದರ ಮ್ಯಾಲ ನಾನು ಎಷ್ಟು ಮಂದಿ ಕರಕೊಂಡು ಬರಬೇಕು, ಯಾವ ಸಾಮಾನು ತರಬೇಕು ಅಂತ ಗೊತ್ತಾಗತೈತಿ. ಹತ್ತರಾಗ ಎಂಟು ಮಂದಿಗೆ ನೆನಪಿರಂಗಿಲ್ಲ. ‘ನೀವs ಇಳಿಸಿದ್ದಲ್ರಿ’ ಅಂತಾರ. ನನಗ ನೂರಾರು ಬೋರು, ಎಲ್ಲಿ ನೆನಪಿರತೈತಿ.

— ಹಿಂದಿನ ಮುಖ ಅದಕ್ಕೇ. ಐದು ಗೆರೆ: ಎಚ್‌ಪಿ, ಸ್ಟೇಜು, ಬೋರಿನ ಆಳ, ಪೈಪು, ಇಳಿಸಿದ ದಿನ. ಮೋಟಾರು ಇಳಿಸಿ ಕೆಲಸ ಮುಗಿದ ಮೇಲೆ ಅಲ್ಲೇ ನಿಂತು ನೀವೇ ಪೆನ್ನಿನಲ್ಲಿ ತುಂಬಿ ರೈತನ ಕೈಗೆ ಕೊಡಿ.

— ಅಯ್ಯೋ, ಇದು ಭಾಳ ಚೊಲೊ ಆತು ನೋಡ್ರಿ!

— ಯಾಕೆಂದರೆ ಬರೀ ಹೆಸರು, ನಂಬರ್ ಇರುವ ಕಾರ್ಡನ್ನು ಜನ ಇಟ್ಟುಕೊಳ್ಳಲು ಕಾರಣವೇ ಇಲ್ಲ. ನಂಬರ್ ಫೋನಿಗೆ ಹಾಕಿಕೊಂಡು ಕಾರ್ಡು ಬಿಸಾಡುತ್ತಾರೆ. ಫೋನು ಕಳೆದರೆ, ಕೆಟ್ಟರೆ ನಿಮ್ಮ ನಂಬರೂ ಹೋಯಿತು. ತನ್ನ ಬೋರಿನ ಲೆಕ್ಕ ಇರುವ ಕಾರ್ಡನ್ನು ಯಾರೂ ಬಿಸಾಡುವುದಿಲ್ಲ, ಪಹಣಿ ಇಡುವ ಚೀಲದಲ್ಲೇ ಇಡುತ್ತಾರೆ. ಬಡಿಗೇರ ಆದರೆ ಮಾಡಿಕೊಟ್ಟ ಬಾಗಿಲಿನ ಅಳತೆ, ಟೇಲರ್ ಆದರೆ ಗಿರಾಕಿಯ ಅಳತೆ, ಬೈಕ್ ಮೆಕ್ಯಾನಿಕ್ ಆದರೆ ಮುಂದಿನ ಆಯಿಲ್ ಬದಲಿಸುವ ಕಿಲೋಮೀಟರು. ಪ್ರತಿ ಕಸುಬಿನಲ್ಲೂ ಗಿರಾಕಿಗೆ ಬೇಕಾದ, ಆದರೆ ಅವನಿಗೆ ನೆನಪಿರದ ಒಂದು ಲೆಕ್ಕ ಇದ್ದೇ ಇರುತ್ತದೆ. ಅದು ಕಾರ್ಡಿನ ಹಿಂದೆ ಬರಬೇಕು. ಚಿನ್ನದ ಫಾಯಿಲ್, ಉಬ್ಬಕ್ಷರ ಇವೆಲ್ಲ ನಮಗೆ ನಾಲ್ಕು ಕಾಸು ತರುವ ಕೆಲಸ, ಆದರೂ ನಾನು ನಿಮಗೆ ಅದನ್ನು ಹೇಳುವುದಿಲ್ಲ.

— ಹಿಂದ ಲ್ಯಾಮಿನೇಶನ್ ಮಾಡಿದ್ರ ಪೆನ್ನು ಹತ್ತಂಗಿಲ್ಲಲ್ಲ?

— ಹತ್ತುವುದಿಲ್ಲ. ಹಿಂದೆ ಲ್ಯಾಮಿನೇಶನ್ ಇಲ್ಲದೆ ಬಿಡಬೇಕು. ಆರ್ಟ್ ಕಾರ್ಡಿನ ನುಣುಪಿನ ಮೇಲೂ ಬಾಲ್‌ಪೆನ್ ಜಾರುತ್ತದೆ, ಅದಕ್ಕೆ ಒಂದು ಬದಿ ಮಾತ್ರ ನುಣುಪಾದ ಬೋರ್ಡು ತರಿಸುತ್ತೇನೆ. ಒಂದೇ ಕಡೆ ಲ್ಯಾಮಿನೇಶನ್ ಮಾಡಿದರೆ ಕಾರ್ಡು ಬಾಗುವ ಸ್ವಭಾವ ಇದೆ, ತೇವ ಹೀರಿ ಒಂದು ಮುಖ ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ. ಬೋರ್ಡು ದಪ್ಪ ಇದ್ದರೆ ಬಾಗುವುದು ಕಡಿಮೆ. ಮೊದಲು ನಾಲ್ಕು ತುಂಡು ಮಾಡಿ ಒಂದು ರಾತ್ರಿ ಬಿಟ್ಟು ನೋಡುತ್ತೇನೆ. ಬಾಗಿದರೆ ಲ್ಯಾಮಿನೇಶನ್ ಬಿಟ್ಟು ಮುಂದಿನ ಮುಖಕ್ಕೆ ಬರೀ ವಾರ್ನಿಶ್ ಹೊಡೆಯೋಣ.

— ಇದನ್ನ ಸ್ಟಾರ್ಟರ್ ಡಬ್ಬಿ ಒಳಗ ಹಚ್ಚಲಿಕ್ಕೆ ಹೇಳಲೇನ್ರಿ? ಕೈಗೆ ಲಗೂನ ಸಿಗತೈತಿ.

— ಅದು ನಿಮಗೇ ಗೊತ್ತು. ಒಳಗೆ ಕಾಗದ ಇಡುವುದು ಸರಿಯೇ?

— ಬ್ಯಾಡ, ಬ್ಯಾಡ. ಕಾಂಟ್ಯಾಕ್ಟರ್ ಕಿಡಿ ಹೊಡಿತೈತಿ, ಕಾಗದ ಹತ್ತಿಕೊಂಡ್ರ ಕಷ್ಟ. ಮತ್ತ ಕರೆಂಟು ಇದ್ದಾಗ ಡಬ್ಬಿ ಬಾಗಲಾ ತೆಗೆದು ಕೈ ಹಾಕಂಗ ಆಗತೈತಿ. ಪಂಪ್‌ಹೌಸ್ ಬಾಗಲಾದ ಒಳಗ ಹಚ್ಚಿದ್ರ ಚೊಲೊ.

— ಹಾಗಾದರೆ ಇದೇ ಡಿಸೈನಿನಲ್ಲಿ ವಿನೈಲ್ ಸ್ಟಿಕ್ಕರ್ ಕೂಡ ತೆಗೆಯೋಣ, ಕಾರ್ಡಿನ ಎರಡು ಪಟ್ಟು ಅಳತೆಗೆ, ಬಾಗಿಲಿಗೆ ಅಂಟಿಸಲು. ಆಗಲೇ ನೀವು ಹೇಳಿದಿರಲ್ಲ, ಎರಡು ಫೇಸಿನ ಮೇಲೆ ಮೋಟಾರು ಗುಂಯ್ ಅನ್ನುತ್ತದೆ ಎಂದು. ಆಗ ರೈತ ಮಾಡಬೇಕಾದದ್ದು ಏನು?

— ಮೊದಲು ಆಫ್ ಮಾಡಬೇಕು. ಅದನ್ನ ಹಂಗ ಓಡಿಸ್ತಾರ, ನೀರು ಬರತೈತಿ ಬರತೈತಿ ಅಂತ. ಅಲ್ಲೇ ಸುಡತೈತಿ.

— ನಂಬರಿನ ಕೆಳಗೆ ಒಂದು ಸಾಲು ಹಾಕೋಣ: ‘ಮೋಟಾರು ಗುಂಯ್ ಅಂದರೆ ಮೊದಲು ಆಫ್ ಮಾಡಿ, ಆಮೇಲೆ ಫೋನ್ ಮಾಡಿ.’

— ಅದು ಬರದ್ರ ನನಗ ಕೆಲಸ ಕಡಿಮಿ ಆಗತೈತಿ ಅಂತ ನಮ್ಮ ಹುಡುಗ ಅಂತಾನ. ಇರಲಿ, ಹಾಕ್ರಿ. ಒಬ್ಬಂದು ಮೋಟ್ರು ಉಳೀತಂದ್ರ ಅವ ನಾಲ್ಕು ಮಂದಿಗೆ ನನ್ನ ಹೆಸರು ಹೇಳ್ತಾನ. ಕ್ಯೂಆರ್ ಕೋಡ್ ಹಾಕ್ತಾರಲ್ರಿ, ಅದು ಬೇಕಾಗತೈತೇನು? ಫೋನ್‌ಪೇ ಇದ್ದಂಗ.

— ದುಡ್ಡಿನ ಕ್ಯೂಆರ್ ಕಾರ್ಡಿನ ಮೇಲೆ ಬೇಡ. ಬ್ಯಾಂಕು ಬದಲಾದರೆ ಹಂಚಿದ ಕಾರ್ಡೆಲ್ಲ ಹಳೆಯದಾಗುತ್ತದೆ. ಬೇರೆಯವರು ಅದರ ಮೇಲೆ ತಮ್ಮ ಕೋಡ್ ಅಂಟಿಸಿದರೂ ಯಾರಿಗೂ ತಿಳಿಯುವುದಿಲ್ಲ. ಆದರೆ ಇನ್ನೊಂದು ಉಪಯೋಗ ಇದೆ. ಹೊಲ ಎಲ್ಲಿದೆ ಎಂದು ರೈತ ನಿಮಗೆ ಹೇಗೆ ತಿಳಿಸುತ್ತಾನೆ?

— ಅದs ದೊಡ್ಡ ತಲಿಬ್ಯಾನಿ. ಹಳ್ಳದ ದಂಡಿಗುಂಟ ಬಾ, ಬೇವಿನ ಗಿಡದ ಹತ್ರ ಹೊಳ್ಳು ಅಂತಾರ. ರಾತ್ರಿ ಯಾವ ಬೇವಿನ ಗಿಡ ಅಂತ ಹುಡುಕೋದು?

— ಕ್ಯೂಆರ್ ಹೊಡೆದರೆ ನೇರವಾಗಿ ನಿಮ್ಮ ವಾಟ್ಸ್‌ಆ್ಯಪ್ ತೆರೆಯುವಂತೆ ಮಾಡಬಹುದು. ರೈತ ಅಥವಾ ಅವನ ಮಗ ಲೊಕೇಶನ್ ಕಳಿಸುತ್ತಾನೆ, ಸ್ಟಾರ್ಟರಿನ ಫೋಟೊ ಕಳಿಸುತ್ತಾನೆ. ಈ ಕೋಡ್ ಹುಟ್ಟಿದ್ದೂ ನಿಮ್ಮ ಅಂಗಡಿಯಂಥ ಜಾಗಕ್ಕಾಗಿಯೇ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಕಾರ್ಖಾನೆಗಳಲ್ಲಿ ವಾಹನದ ಬಿಡಿಭಾಗಗಳ ಜಾಡು ಹಿಡಿಯಲು ಇದನ್ನು ಮಾಡಿತು. ಎಣ್ಣೆ, ಕೊಳೆ ಹತ್ತಿದರೂ ಓದಲು ಬರಬೇಕು ಎಂದು ಅದರೊಳಗೇ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ ಇಟ್ಟರು. ನಾಲ್ಕು ಮಟ್ಟಗಳಿವೆ, ಎಲ್ಲಕ್ಕಿಂತ ಹೆಚ್ಚಿನದರಲ್ಲಿ ಸುಮಾರು ಶೇಕಡಾ 30 ಹಾಳಾದರೂ ಓದುತ್ತದೆ. ನಾವು ಆ ಮಟ್ಟವನ್ನೇ ಇಡೋಣ.

— ಹಂಗಾದ್ರ ಸಣ್ಣದು ಮಾಡಿ ಮೂಲ್ಯಾಗ ಹಾಕ್ರಿ.

— ಸಣ್ಣದು ಮಾಡಿದರೆ ಓದುವುದಿಲ್ಲ. 2 ಸೆಂಟಿಮೀಟರಿಗೆ ಕಡಿಮೆ ಬೇಡ. ಸುತ್ತಲೂ ಅದರದೇ ನಾಲ್ಕು ಚೌಕದಷ್ಟು ಅಗಲದ ಬಿಳಿ ಅಂಚು ಬಿಡಬೇಕು, ಅಂಚು ಇಲ್ಲದಿದ್ದರೆ ಕ್ಯಾಮೆರಾಕ್ಕೆ ಕೋಡ್ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುವುದಿಲ್ಲ. ಬಿಳಿಯ ಮೇಲೆ ಕಪ್ಪು, ನಡುವೆ ಲೋಗೊ ಬೇಡ. ಒಳಗೆ ಬರೆಯುವ ವಿಷಯ ಚಿಕ್ಕದಾದಷ್ಟೂ ಚೌಕಗಳು ದೊಡ್ಡವಾಗುತ್ತವೆ, ವಾಟ್ಸ್‌ಆ್ಯಪ್ ಕೊಂಡಿ ಚಿಕ್ಕದೇ. ಅಕ್ಕನ ಮಗ ಯಾವುದೋ ವೆಬ್‌ಸೈಟಿನಲ್ಲಿ ಉಚಿತವಾಗಿ ಮಾಡಿಕೊಟ್ಟರೆ ಒಂದು ನೋಡಿಕೊಳ್ಳಿ. ಕೆಲವು ಸೈಟುಗಳ ಕೋಡ್ ಮೊದಲು ಅವರ ಸೈಟಿಗೆ ಹೋಗಿ ಆಮೇಲೆ ನಿಮ್ಮಲ್ಲಿಗೆ ಬರುತ್ತದೆ. ಕೆಲವು ದಿನ ಕಳೆದ ಮೇಲೆ ದುಡ್ಡು ಕೇಳುತ್ತಾರೆ, ಕೊಡದಿದ್ದರೆ ಕೋಡ್ ಸತ್ತಿತು, ಹಂಚಿದ ಕಾರ್ಡುಗಳೂ ಅಷ್ಟೇ. ನಂಬರಿನ ಕೊಂಡಿಯೇ ನೇರವಾಗಿ ಒಳಗಿರುವ ಕೋಡನ್ನು ನಾನು ಇಲ್ಲೇ ಮಾಡುತ್ತೇನೆ.

— ಇಷ್ಟೆಲ್ಲಾ ಒಂದು ಕಾರ್ಡಿನ್ಯಾಗ ಕೂಡತೈತೇನ್ರಿ?

— ನೋಡಿ, ಕೂತಿದೆ. ಮೇಲೆ ಸೋಮೇಶ್ವರ ಪ್ರಸನ್ನ, ಅಂಗಡಿ ಹೆಸರು. ಆಮೇಲೆ ಕೆಂಪಿನಲ್ಲಿ ‘ಬೋರ್‌ವೆಲ್ ಮೋಟಾರು ರಿಪೇರಿ, ಲಕ್ಷ್ಮೇಶ್ವರ’. ನಡುವೆ ನಂಬರ್, ಇಡೀ ಕಾರ್ಡಿನಲ್ಲಿ ಅದೇ ದೊಡ್ಡದು. ಅದರ ಕೆಳಗೆ ಗುಂಯ್ ಅನ್ನುವ ಸಾಲು. ಬಲಕ್ಕೆ ಕ್ಯೂಆರ್, ಎಡಕ್ಕೆ ನಿಮ್ಮ ಹೆಸರು, ಹುಡುಗನ ನಂಬರ್, ಅಂಗಡಿ ಯಾವ ರಸ್ತೆಯಲ್ಲಿದೆ ಎಂಬ ಗುರುತು. ಅಂಚಿನಿಂದ 5 ಮಿಲಿಮೀಟರ್ ಒಳಗೆ ಯಾವ ಅಕ್ಷರವೂ ಇಲ್ಲ. ಕಟಿಂಗ್ ಮಷೀನಿನಲ್ಲಿ ಕಟ್ಟು ಒಂದಿಷ್ಟು ಸರಿಯುವುದು ಸಹಜ, ಅಂಚಿಗೆ ಇಟ್ಟ ಅಕ್ಷರ ಆಗ ಅರ್ಧವಾಗುತ್ತದೆ.

— ಬಿಳಿ ಜಾಗ ಭಾಳ ಬಿಟ್ಟಂಗ ಆತಲ್ರಿ. ಖಾಲಿ ಕಾಣತೈತಿ.

— ಆ ಖಾಲಿ ಜಾಗದಿಂದಲೇ ನಂಬರ್ ಕಣ್ಣಿಗೆ ಬೀಳುತ್ತಿದೆ. ಸುಮ್ಮನೆ ನನ್ನ ಮಾತು ನಂಬಬೇಡಿ. ಇದನ್ನು ಮಾಮೂಲಿ ಪ್ರಿಂಟರಿನಲ್ಲಿ ಎರಡು ತೆಗೆದು ಕೊಡುತ್ತೇನೆ, ನಿಮ್ಮ ಹಳೆಯ ಡಿಸೈನನ್ನೂ ಅದೇ ಅಳತೆಗೆ ತೆಗೆಯುತ್ತೇನೆ. ರಾತ್ರಿ ಮನೆಯಲ್ಲಿ ಲೈಟು ಆರಿಸಿ, ಚಾಳೀಸು ಹಾಕುವ ಹಿರಿಯರ ಕೈಗೆ ಚಾಳೀಸು ಇಲ್ಲದೆ ಎರಡನ್ನೂ ಕೊಟ್ಟು, ಅವರದೇ ಫೋನಿನ ಟಾರ್ಚಿನಲ್ಲಿ ನಂಬರ್ ಓದಿಸಿ. ಅವರು ಯಾವುದನ್ನು ಓದುತ್ತಾರೋ ಅದನ್ನು ಅಚ್ಚು ಹಾಕೋಣ.

— ನಮ್ಮ ಅಪ್ಪನ ಕೈಯಾಗ ಓದಸ್ತೀನಿ. ಮತ್ತ ಸಾವಿರ ಹಾಕ್ತೀರಿ?

— ಮೊದಲು ಇನ್ನೂರು ಡಿಜಿಟಲ್‌ನಲ್ಲಿ. ಮುಂಗಾರು ಮುಗಿಯುವವರೆಗೆ ಹಂಚಿ ನೋಡಿ. ರೈತರು ಹಿಂದಿನ ಗೆರೆಗಳಲ್ಲಿ ಇನ್ನೇನಾದರೂ ಬೇಕು ಎಂದರೆ, ಕೇಬಲಿನ ಅಳತೆಯೋ ಮತ್ತೊಂದೋ, ಸೇರಿಸಿ ಆಮೇಲೆ ಆಫ್‌ಸೆಟ್ಟಿನಲ್ಲಿ ಸಾವಿರ ಹಾಕೋಣ.

— ಆಗಲಿ. ಹಂಗಾದ್ರ ಸೋಮವಾರ ಬರ್ತೀನಿ, ಸಹಿ ಮಾಡಿ ಹೋಗ್ತೀನಿ.

— ಬನ್ನಿ. ಸಹಿ ಮಾಡುವ ಮೊದಲು ಒಂದು ಕೆಲಸ ಇದೆ. ಪ್ರೂಫಿನಲ್ಲಿರುವ ನಂಬರನ್ನು ನೀವು ಓದಿ ನೋಡಬೇಡಿ. ನಿಮಗೆ ಅದು ಬಾಯಿಪಾಠ, ಅಂಕಿ ತಪ್ಪಿದ್ದರೂ ಸರಿಯಾಗಿಯೇ ಓದಿಬಿಡುತ್ತೀರಿ. ನಿಮ್ಮ ನಂಬರ್ ಗೊತ್ತಿಲ್ಲದ ಯಾರಿಗಾದರೂ ಆ ಕಾಗದ ಕೊಟ್ಟು, ಅವರ ಫೋನಿನಿಂದ ಡಯಲ್ ಮಾಡಿಸಿ, ಕ್ಯೂಆರ್ ಕೂಡ ಹೊಡೆಸಿ. ನಿಮ್ಮ ಫೋನ್ ರಿಂಗಾದರೆ ಸಹಿ ಹಾಕಿ. ಅಕ್ಷರದ ತಪ್ಪು ನನ್ನ ಕಣ್ಣಿಗೆ ಬೀಳುತ್ತದೆ, ನಾನು ತಿದ್ದುತ್ತೇನೆ. ನಂಬರಿನ ತಪ್ಪು ನನಗೆ ಗೊತ್ತಾಗುವುದಿಲ್ಲ, ಅದನ್ನು ನೋಡಬೇಕಾದವರು ನೀವೇ.